ಭಾನುವಾರ ನಿಧಾನ, ಬುಧವಾರ ಜೋರು

ಹೋದ ವರ್ಷ ಪೂರ್ತಿ ಸೈಕಲ್ ತುಳಿದ ಕಿಲೋಮೀಟರ್ ಲೆಕ್ಕದ ಹಿಂದೆಯೇ ಬಿದ್ದಿದ್ದೆ. ಭಾನುವಾರ ನಸುಕಿನಲ್ಲೇ ಹೆಬ್ಬಾಳದಿಂದ ಹೊರಟು ನಂದಿ ಬೆಟ್ಟ ಹತ್ತಿ ಬಂದರೆ ನೂರರ ಹತ್ತಿರ ಆಗುತ್ತಿತ್ತು. ದಮ್ಮು ಬಂತು, ನಿಜ. ಆದರೆ ರೇಸಿನಲ್ಲಿ ತಿರುವು ಮುಗಿದ ಕೂಡಲೇ ಮುಂದಿನವರು ಎದ್ದು ನಿಂತು ತುಳಿದರೆ ನನ್ನ ಕಾಲು ಏಳುತ್ತಲೇ ಇರಲಿಲ್ಲ. ಎರಡು ಸೈಕಲ್ ಉದ್ದದ ಅಂತರ, ಅಷ್ಟೇ. ಗಾಳಿಗೆ ಅಡ್ಡವಾಗಿದ್ದ ಮುಂದಿನವರ ಮರೆ ತಪ್ಪಿತು, ಗುಂಪೂ ಕೈತಪ್ಪಿತು.

ಈಗ ವಾರಕ್ಕೆ ಎರಡೇ ದಿನ ಜೋರು. ಬುಧವಾರ 4 ನಿಮಿಷದ ಇಂಟರ್ವಲ್, ಅಂದರೆ ಜೋರಾಗಿ ತುಳಿಯುವ ಸುತ್ತು, 4 ಸಲ; ನಡುವೆ 3 ನಿಮಿಷ ಹಗುರವಾಗಿ ತುಳಿಯುವುದು. ನಾಲ್ಕನೆಯದರಲ್ಲಿ ಬಾಯಿಗೆ ಕಬ್ಬಿಣದ ರುಚಿ ಬರುತ್ತದೆ, ಮೂಗಿನ ತುದಿಯ ಬೆವರು ಹ್ಯಾಂಡಲ್ ಮೇಲೆ ತಟತಟ ಬೀಳುತ್ತದೆ. ಶುಕ್ರವಾರ 15 ಸೆಕೆಂಡಿನ ಸ್ಪ್ರಿಂಟ್‌ಗಳು.

ಭಾನುವಾರ ಮಾತ್ರ ನಿಜಕ್ಕೂ ನಿಧಾನ. ಪಕ್ಕದವರ ಜೊತೆ ಏದುಸಿರಿಲ್ಲದೆ ಮಾತಾಡುವಷ್ಟು ನಿಧಾನ. ನನಗೆ ಜಾಸ್ತಿ ಕಷ್ಟ ಇದೇ. ಯಾರಾದರೂ ಹಿಂದೆ ಹಾಕಿದರೆ ಸುಮ್ನೆ ಬಿಡಲು ಮನಸ್ಸು ಬರುವುದಿಲ್ಲ, ಅಲ್ವಾ? ಆದರೆ ಅವತ್ತು ಕಾಲು ಸೋತರೆ ಬುಧವಾರಕ್ಕೆ ಏನೂ ಉಳಿಯುವುದಿಲ್ಲ.

ಹೋದ ತಿಂಗಳ ರೇಸಿನಲ್ಲಿ ಕೊನೆಯ ತಿರುವಿನವರೆಗೂ ಗುಂಪಿನಲ್ಲೇ ಇದ್ದೆ. ಮುಂದಿನ ಚಕ್ರ ನನ್ನಿಂದ ಒಂದು ಮೊಳ ದೂರದಲ್ಲಿತ್ತು.