ಗೋಡೆ ಸವೆದದ್ದೆಷ್ಟು, ಆ ಲೋಹ ಹೋಗಿ ಕೂತದ್ದೆಲ್ಲಿ

ಕಾರವಾರ, 9 ಜುಲೈ 2025, ಬುಧವಾರ

ಬೆಳಗಿನಿಂದ ಒಂದೇ ಸಮನೆ ಮಳೆ. ಟಂಗ್‌ಸ್ಟನ್ ತುಣುಕುಗಳು ಸಿಲಿಕಾ ಜೆಲ್ ಡಬ್ಬಿಯಲ್ಲೇ ಇರಲಿ. ಅವು ಟೋಕಮಾಕ್‌ನ, ಅಂದರೆ ಬಿಸಿ ಪ್ಲಾಸ್ಮಾವನ್ನು ಕಾಂತಕ್ಷೇತ್ರದಲ್ಲಿ ಹಿಡಿದಿಡುವ ಸಮ್ಮಿಳನ ಯಂತ್ರದ, ಗೋಡೆಯವು. ಆ ಗೋಡೆಯ ಮೇಲೆ ಕೂತ ಪದರ ಡ್ಯೂಟೀರಿಯಂ (ಭಾರದ ಹೈಡ್ರೋಜನ್) ಹಿಡಿದುಕೊಂಡಿರುತ್ತದೆ. ತೇವದ ಗಾಳಿ ತಾಗಿದರೆ ಅದರ ಮೇಲ್ಭಾಗದಲ್ಲಿ ನೀರಿನ ಹೈಡ್ರೋಜನ್ ಒಳಗೆ ಹೋಗಿ ಡ್ಯೂಟೀರಿಯಂ ಹೊರಬೀಳುತ್ತದೆ. ಸ್ಪೆಕ್ಟ್ರಮ್‌ನಲ್ಲಿ ಸೋಡಿಯಂ, ಕ್ಲೋರಿನ್ ಕಂಡರೆ ಮೊದಲು ರಿಯಾಕ್ಟರನ್ನಲ್ಲ, ಕಡಲಗಾಳಿಯ ಉಪ್ಪು ಬರುವ ನಮ್ಮ ಕಿಟಕಿಯನ್ನು ಅನುಮಾನಿಸಬೇಕು. ಅಯಾನ್ ಕಿರಣದ ಅಳತೆ ಬೇರೆ ಊರಿನಲ್ಲಿ ಆಗುತ್ತದೆ, ಇಲ್ಲಿ ನಡೆಯುವುದು ಲೆಕ್ಕ ಮಾತ್ರ.

ಸವೆತದಲ್ಲಿ ಎರಡು ಬಗೆ: ಒಟ್ಟು ಸವೆತ, ನಿವ್ವಳ ಸವೆತ. ಟಾಗೋರ್ ಕಡಲತೀರದ ಮರಳನ್ನು ಮಳೆಗಾಲದ ಅಲೆ ಕೊರೆದೊಯ್ಯುತ್ತದೆ, ಮಳೆ ನಿಂತ ಮೇಲೆ ತಂದು ಹಾಕುತ್ತದೆ. ವರ್ಷಕ್ಕೊಮ್ಮೆ ಅಳೆದವನಿಗೆ ಏನೂ ಆದಂತೆ ಕಾಣುವುದಿಲ್ಲ. ಟಂಗ್‌ಸ್ಟನ್ ಕೂಡ ಹಾಗೆಯೇ. ಕಿತ್ತುಬಂದ ಪರಮಾಣು ಗೋಡೆಯ ಹತ್ತಿರವೇ ಅಯಾನ್ ಆಗಿ, ಕಾಂತಕ್ಷೇತ್ರದಲ್ಲಿ ಒಂದು ಸುತ್ತು ತಿರುಗುವಷ್ಟರಲ್ಲಿ ಮರಳಿ ಅಲ್ಲೇ ಬಡಿಯುತ್ತದೆ. ದಟ್ಟ ಪ್ಲಾಸ್ಮಾದಲ್ಲಿ ಬಹುಪಾಲಿನ ಗತಿ ಇದೇ. 400.9 ನ್ಯಾನೋಮೀಟರ್‌ನ ಟಂಗ್‌ಸ್ಟನ್ ಬೆಳಕು ಒಟ್ಟು ಸವೆತ ಹೇಳುತ್ತದೆ, ಗೋಡೆಯ ಟೈಲ್ ಬಿಚ್ಚಿ ಅಳೆದರೆ ಸಿಗುವುದು ನಿವ್ವಳ. ಇವೆರಡನ್ನೂ ಒಂದೇ ಪಟ್ಟಿಗೆ ಹಾಕಿದ ವರದಿಯನ್ನು ಪಕ್ಕಕ್ಕಿಡುವುದೇ ಒಳ್ಳೆಯದು.

ಡ್ಯೂಟೀರಿಯಂ ಅಯಾನ್ ಟಂಗ್‌ಸ್ಟನ್ ಕೀಳಲು 200 ಎಲೆಕ್ಟ್ರಾನ್‌ವೋಲ್ಟ್‌ಗಿಂತ ಹೆಚ್ಚು ಶಕ್ತಿ ಬೇಕು. ಡೈವರ್ಟರ್ (ಪ್ಲಾಸ್ಮಾದ ಶಾಖ, ಕಸ ಹೊರಹೋಗುವ ಭಾಗ) ಬಳಿ ಪ್ಲಾಸ್ಮಾ ತಣ್ಣಗಿದ್ದರೆ ಆ ಅಯಾನ್‌ಗೆ ಅಷ್ಟು ಶಕ್ತಿ ಇರುವುದಿಲ್ಲ. ಕೆಲಸ ಕೆಡಿಸುವುದು ಆಮ್ಲಜನಕ, ನೈಟ್ರೋಜನ್, ನಿಯಾನ್‌ನಂಥ ಭಾರದ ಕಲ್ಮಶಗಳು, ಮತ್ತು ಅಂಚಿನ ಪ್ಲಾಸ್ಮಾ ಆಗಾಗ ಉಗುಳುವ ಬಿಸಿ ಹೊಡೆತ.

ನಿವ್ವಳ ಸವೆತಕ್ಕೆ ಗುರುತಿನ ಪದರ: ತಳದ ಮೇಲೆ ಮಾಲಿಬ್ಡಿನಮ್, ಅದರ ಮೇಲೆ ಕೆಲವು ಮೈಕ್ರೋಮೀಟರ್ ಟಂಗ್‌ಸ್ಟನ್. ಒಳಗಿಡುವ ಮೊದಲು, ತೆಗೆದ ಮೇಲೆ, ಎರಡು ಸಲವೂ ಅದೇ ಬಿಂದುವಿನಲ್ಲಿ ಹಿಂಚದುರಿಕೆ (ಬಡಿದು ಹಿಂದೆ ಬರುವ ಅಯಾನ್‌ಗಳ ಶಕ್ತಿ) ಅಳೆಯಬೇಕು. ಮೇಲ್ಮೈ ಒರಟಾಗಿದ್ದರೆ ಪದರದ ಅಂಚು ಸ್ಪೆಕ್ಟ್ರಮ್‌ನಲ್ಲಿ ಬಾಲ ಬಿಡುತ್ತದೆ, ಲೋಹಗಳು ಬೆರೆತವೆಂದು ತಪ್ಪು ತಿಳಿಯುವುದು ಸುಲಭ. ಒಂದನ್ನು ಅಡ್ಡ ಕತ್ತರಿಸಿ ಎಲೆಕ್ಟ್ರಾನ್ ಸೂಕ್ಷ್ಮದರ್ಶಕದಲ್ಲಿ ನೋಡದೆ ಮುಂದೆ ಹೋಗಬಾರದು. ಕತ್ತರಿಸುವಾಗ ಬಿಸಿಯಾದರೆ ಡ್ಯೂಟೀರಿಯಂ ಹಾರಿಹೋಗುತ್ತದೆ. ನೀರು ಹಾಕದೆ, ನಿಧಾನಕ್ಕೆ.

ಡ್ಯೂಟೀರಿಯಂ ಎಣಿಸಲು ಹೀಲಿಯಂ-3 ಕಿರಣ. ಅದು ಡ್ಯೂಟೀರಿಯಂಗೆ ಬಡಿದು ಹೊಮ್ಮುವ ಪ್ರೋಟಾನ್‌ಗೆ 13 ಎಂಇವಿ (1.3 ಕೋಟಿ ಎಲೆಕ್ಟ್ರಾನ್‌ವೋಲ್ಟ್) ಆಸುಪಾಸಿನ ಶಕ್ತಿ. ಚದುರಿ ಬರುವ ಹೀಲಿಯಂ ತಡೆಯಲು ಡಿಟೆಕ್ಟರ್ ಮುಂದೆ ತೆಳು ಹಾಳೆ. ಕಿರಣದ ಡೋಸನ್ನು ಎರಡು ಅರ್ಧ ಮಾಡಿ ಎಣಿಕೆ ಹೋಲಿಸಿ. ಎರಡನೆಯದು ಕಡಿಮೆ ಬಂದರೆ ಅಳತೆಯೇ ಮಾದರಿಯನ್ನು ಖಾಲಿ ಮಾಡುತ್ತಿದೆ. ಕಿರಣ ಕೆಲವು ಮೈಕ್ರೋಮೀಟರ್ ಆಳ ಮಾತ್ರ ನೋಡುತ್ತದೆ, ಆದ್ದರಿಂದ ಅದೇ ಟೈಲಿನ ಇನ್ನೊಂದು ತುಣುಕನ್ನು ನಿರ್ವಾತದಲ್ಲಿ ನಿಮಿಷಕ್ಕೆ 10 ಡಿಗ್ರಿಯಂತೆ 1000 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಿ ಹೊರಬರುವ ಅನಿಲ ಎಣಿಸಬೇಕು. ಇಲ್ಲಿ ದ್ರವ್ಯರಾಶಿ 4ರ (ಡ್ಯೂಟೀರಿಯಂ ಅಣು) ಜೊತೆ 3ನ್ನೂ ಕೂಡಿಸಬೇಕು, ಡ್ಯೂಟೀರಿಯಂನ ಒಂದು ಭಾಗ ಹೈಡ್ರೋಜನ್ ಜೊತೆ ಜೋಡಿಯಾಗಿ ಹೊರಡುತ್ತದೆ. ಹೀಲಿಯಂ ಪ್ಲಾಸ್ಮಾ ಕಂಡ ಟೈಲ್ ಆದರೆ ತಲೆನೋವು: ಸಾಮಾನ್ಯ ಮಾಸ್ ಸ್ಪೆಕ್ಟ್ರೋಮೀಟರಿಗೆ ಹೀಲಿಯಂ, ಡ್ಯೂಟೀರಿಯಂ ಅಣು ಎರಡೂ 4.

ಇಷ್ಟೆಲ್ಲ ಟ್ರೀಷಿಯಂ ಎಂಬ ವಿಕಿರಣಶೀಲ ಹೈಡ್ರೋಜನ್‌ಗಾಗಿ. ಕಾಳಿ ದಂಡೆಯ ಕೈಗಾದಲ್ಲಿ ಭಾರಜಲ ನ್ಯೂಟ್ರಾನ್ ನುಂಗಿ ಹುಟ್ಟುವ ಬೇಡದ ವಸ್ತು ಅದು, ಸಮ್ಮಿಳನಕ್ಕೆ ಇಂಧನ. ಡ್ಯೂಟೀರಿಯಂ ಕೂತಲ್ಲೆಲ್ಲ ಟ್ರೀಷಿಯಂ ಕೂಡ ಕೂರುತ್ತದೆ. ಇಂಗ್ಲೆಂಡಿನ ಜೆಟ್ ಟೋಕಮಾಕ್ 2011ರಲ್ಲಿ ಇಂಗಾಲದ ಗೋಡೆ ಬಿಟ್ಟು ಬೆರಿಲಿಯಂ, ಟಂಗ್‌ಸ್ಟನ್‌ಗೆ ಬಂದ ಮೇಲೆ ಸಿಕ್ಕಿಬೀಳುವ ಪ್ರಮಾಣ ಹತ್ತು ಪಟ್ಟಿಗೂ ಹೆಚ್ಚು ಇಳಿಯಿತು. ಫ್ರಾನ್ಸಿನಲ್ಲಿ ಕಟ್ಟುತ್ತಿರುವ ಇಟರ್ ಟೋಕಮಾಕ್ ಈಗ ಬೆರಿಲಿಯಂ ಬಿಟ್ಟು ಪೂರ್ತಿ ಟಂಗ್‌ಸ್ಟನ್ ಅನ್ನುತ್ತಿದೆ, ಆದರೆ ಆಮ್ಲಜನಕ ಹಿಡಿಯಲು ಬೋರಾನ್ ಲೇಪ ಬರುತ್ತದೆ, ಆ ಬೋರಾನ್ ಪದರವೂ ಟ್ರೀಷಿಯಂ ಹಿಡಿಯುತ್ತದೆ. ಹಾಗಾಗಿ ನಿರಾಳವಾಗುವಂತಿಲ್ಲ.

ಸವೆದದ್ದೂ ಕೂತದ್ದೂ ಕೂಡಿಸಿದರೆ ಲೆಕ್ಕ ತಾಳೆಯಾಗುವುದು ಅಪರೂಪ. ಬಾಕಿ ಇರುವುದು ನೆರಳಿನ ಮೂಲೆಗಳಲ್ಲಿ, ಪಂಪಿನ ಬಾಯಿಯಲ್ಲಿ, ಧೂಳಿನಲ್ಲಿ, ಟೈಲ್‌ಗಳ ನಡುವಿನ ಅರ್ಧ ಮಿಲಿಮೀಟರ್ ಸಂದಿಗಳಲ್ಲಿ. ಮುಂದಿನ ಕಂತಿಗೆ ಟೈಲಿನ ಮುಖದ ತುಣುಕು ಎಷ್ಟು ಕೇಳುತ್ತೇವೋ ಪಕ್ಕದ ಗೋಡೆಯದೂ ಅಷ್ಟೇ ಕೇಳಬೇಕು, ಸಂದಿಯ ಆಳ ಬರೆದ ಚೀಟಿಯೊಂದಿಗೆ.