ಸಾಪಾಕ್ಕೆ ಹೋಗುವವರು ರಾತ್ರಿ ಬಸ್ ಹತ್ತಬೇಡಿ

ವಿಯೆಟ್ನಾಂನ ಸಾಪಾ ಬೆಟ್ಟಗಳನ್ನು ನೋಡಬೇಕು ಅಂತಿರುವವರಿಗೆ ಮೊದಲ ಮಾತು ಇದೇ. ಹನೋಯಿಯಿಂದ ರಾತ್ರಿ ಸ್ಲೀಪರ್ ಬಸ್ಸಲ್ಲಿ ಹೋಗಬೇಡಿ. ಒಂದು ರಾತ್ರಿಯ ರೂಮ್ ಬಾಡಿಗೆ ಉಳಿಯುತ್ತದೆ ಅಂತ ಎಲ್ಲರೂ ಹೇಳುತ್ತಾರೆ, ನಮಗೂ ಹಾಗೇ ಹೇಳಿದ್ದರು. ದೂರ 300 ಕಿಲೋಮೀಟರಿಗೆ ಸ್ವಲ್ಪ ಜಾಸ್ತಿ. ಬೆಟ್ಟದ ಬುಡದ ಊರು ಲಾವೊ ಕಾಯ್‌ವರೆಗೆ ಒಳ್ಳೆ ಎಕ್ಸ್‌ಪ್ರೆಸ್‌ವೇ ಇರುವುದರಿಂದ ಐದಾರು ಗಂಟೆಯಲ್ಲಿ ಬಸ್ ತಲುಪಿಬಿಡುತ್ತದೆ. ರಾತ್ರಿ ಹತ್ತಕ್ಕೆ ಹೊರಟರೆ ಬೆಳಗಿನ ಜಾವ ನಾಲ್ಕಕ್ಕೆ ಇಳಿಸುತ್ತಾರೆ. ಆ ಹೊತ್ತಲ್ಲಿ ಯಾರು ರೂಮ್ ಕೊಡುತ್ತಾರೆ ಹೇಳಿ?

ನಾವು ಟಿಕೆಟ್ ತೆಗೆದಿದ್ದು ಹನೋಯಿಯ ಹಳೇ ಪೇಟೆಯ ಒಂದು ಏಜೆನ್ಸಿಯಲ್ಲಿ. ಫೋಟೋದಲ್ಲಿ ತೋರಿಸಿದ್ದು ಇಬ್ಬರು ಮಲಗುವ ಕ್ಯಾಬಿನ್, ಪರದೆ, ದಿಂಬು, ಚಾರ್ಜರ್ ಎಲ್ಲ ಇತ್ತು. ಬಂದ ಬಸ್ಸೇ ಬೇರೆ. ಮೂರು ಸಾಲಿನ, ಎರಡು ಅಂತಸ್ತಿನ ಬರ್ತುಗಳು, ಒಂದೊಂದೂ ಎರಡಡಿ ಅಗಲ ಇದ್ದರೆ ಹೆಚ್ಚು. ಹತ್ತುವಾಗಲೇ ಚಪ್ಪಲಿ ಬಿಚ್ಚಿಸಿ ಪ್ಲಾಸ್ಟಿಕ್ ಕವರಲ್ಲಿ ಹಾಕಿ ಕೈಗೆ ಕೊಡುತ್ತಾರೆ, ಅದು ಅಲ್ಲಿಯ ಪದ್ಧತಿ, ಅದರ ಬಗ್ಗೆ ತಕರಾರಿಲ್ಲ. ಆದರೆ ಕಾಲು ಚಾಚಲು ಮುಂದಿನವರ ಬೆನ್ನಿನ ಕೆಳಗೆ ಒಂದು ಪೆಟ್ಟಿಗೆ ಥರ ಮಾಡಿರುತ್ತಾರೆ, ನಮ್ಮವರದು ಆರಡಿ ಎತ್ತರ, ಮೊಣಕಾಲು ಮಡಚಿಯೇ ರಾತ್ರಿ ಕಳೆದರು. ನಡುವಿನ ದಾರಿಯಲ್ಲೂ ಚಾಪೆ ಹಾಸಿ ಜನರನ್ನು ಮಲಗಿಸಿದ್ದರು. ಲಾವೊ ಕಾಯ್ ದಾಟಿದ ಮೇಲೆ ಘಾಟಿ. ನಮ್ಮ ಕೊಡಗಿನ ಸಂಪಾಜೆ ಘಾಟಿಯಲ್ಲಿ ಓಡಾಡಿ ಅಭ್ಯಾಸ ಇರುವ ನನಗೇ ಆ ಡ್ರೈವರ್ ತಿರುವು ತೆಗೆದುಕೊಳ್ಳುತ್ತಿದ್ದ ರೀತಿಗೆ ಹೊಟ್ಟೆ ತೊಳಸಿ ಬಂತು.

ಇಳಿಸಿದ್ದೂ ಊರೊಳಗೆ ಅಲ್ಲ, ಹೊರಗೆ ಒಂದು ಪೆಟ್ರೋಲ್ ಬಂಕ್ ಹತ್ತಿರ. ಮಂಜು, ತುಂತುರು ಮಳೆ. ಅಲ್ಲಿ ಟ್ಯಾಕ್ಸಿಯವರು ಮೊದಲೇ ಕಾಯುತ್ತಿದ್ದರು, ಊರೊಳಗೆ ಬಿಡಲು ಎರಡು ಲಕ್ಷ ಡಾಂಗ್ ಕೇಳಿದರು. ನಮ್ಮ ದುಡ್ಡಲ್ಲಿ 650 ರೂಪಾಯಿಗೂ ಜಾಸ್ತಿ, ಇಡೀ ಬಸ್ ಟಿಕೆಟ್ಟಿನ ಅರ್ಧಕ್ಕಿಂತ ಹೆಚ್ಚು. ಬಸ್ಸಿನವರಿಗೂ ಇವರಿಗೂ ಒಳಗೊಳಗೇ ಏರ್ಪಾಡು ಇದೆ ಅಂತಲೇ ನನ್ನ ಅನಿಸಿಕೆ. ಏಜೆನ್ಸಿಗೆ ಫೋನ್ ಮಾಡಿದರೆ ಎತ್ತಲೇ ಇಲ್ಲ.

ವಾಪಸ್ ಬರುವಾಗ ಹಗಲು ಬಸ್ ಹಿಡಿದೆವು. ಅದೇ ರೇಟು, ಕೂರುವ ಸೀಟು, ಕಿಟಕಿ. ಅದೇ ಘಾಟಿ ಹಗಲಲ್ಲಿ ಎಷ್ಟು ಚೆಂದ ಅಂದರೆ ನಮ್ಮವರು ಮೊಬೈಲ್ ಒಳಗಿಡಲೇ ಇಲ್ಲ. ಕೆಳಗಿಳಿದ ಮೇಲೆ ಬಸ್ ದಾಲ್ಚಿನ್ನಿಗೆ ಹೆಸರಾದ ಯೆನ್ ಬಾಯ್ ಕಡೆಯಿಂದ ಬರುತ್ತದೆ. ನೀವು ಹೋಗುವಾಗಲೂ ಹನೋಯಿಯಿಂದ ಬೆಳಿಗ್ಗೆ ಏಳರ ಬಸ್ಸಿಗೆ ಹೊರಟು ಮಧ್ಯಾಹ್ನದ ಊಟಕ್ಕೆ ಸಾಪಾ ತಲುಪಿ, ಅಷ್ಟೇ ಸಾಕು. ಹಗಲು ಬಸ್ಸೂ ಬೇಡ ಅನ್ನುವವರಿಗೆ ಲಾವೊ ಕಾಯ್‌ವರೆಗೆ ರೈಲಿದೆ, ಅಲ್ಲಿಂದ 38 ಕಿಲೋಮೀಟರ್ ವ್ಯಾನಲ್ಲಿ ಹೋಗಬೇಕು.

ಇನ್ನು ಊಟದ ವಿಷಯ. ನಮ್ಮ ಕೊಡಗಿನವರು ಹೊರದೇಶಕ್ಕೆ ಹೊರಟರೆ ಅವಲಕ್ಕಿ, ಉಪ್ಪಿನಕಾಯಿ, ರೆಡಿಮೇಡ್ ಉಪ್ಪಿಟ್ಟು ಅಂತ ಅರ್ಧ ಪೆಟ್ಟಿಗೆ ತುಂಬಿಸುತ್ತಾರೆ. ವಿಯೆಟ್ನಾಂಗೆ ಅದೇನೂ ಬೇಡ. ಅಕ್ಕಿ, ಹಂದಿ, ಕಣಿಲೆ, ಸೊಪ್ಪು ತಿನ್ನುವವರಿಗೆ ಅದು ಹೇಳಿ ಮಾಡಿಸಿದ ದೇಶ.

ಹನೋಯಿಯಲ್ಲಿ ಹೊವಾನ್ ಕಿಯೆಮ್ ಕೆರೆಯಿಂದ ಉತ್ತರಕ್ಕೆ ಹಳೇ ಪೇಟೆಯ ಒಂದು ಗಲ್ಲಿ. ಅಂಗಡಿಗೆ ಹೆಸರಿನ ಬೋರ್ಡೂ ನೆಟ್ಟಗೆ ಇಲ್ಲ, ಫುಟ್‌ಪಾತ್ ಮೇಲೆ ಮೊಣಕಾಲೆತ್ತರದ ನೀಲಿ ಪ್ಲಾಸ್ಟಿಕ್ ಸ್ಟೂಲುಗಳು. ಒಬ್ಬ ಅಜ್ಜಿ ಇದ್ದಿಲ ಒಲೆ ಮುಂದೆ ಕೂತು, ತಂತಿ ಜಾಲರಿಯೊಳಗೆ ಹಂದಿಮಾಂಸ ಸಿಕ್ಕಿಸಿ ತಿರುಗಿಸಿ ತಿರುಗಿಸಿ ಸುಡುತ್ತಾರೆ, ಪಕ್ಕದಲ್ಲಿ ಒಂದು ಟೇಬಲ್ ಫ್ಯಾನು ಕೆಂಡಕ್ಕೆ ಗಾಳಿ ಹಾಕುತ್ತಿರುತ್ತದೆ. ಇದೇ ಬುನ್ ಚಾ. ಒಂದು ಬಟ್ಟಲಲ್ಲಿ ಬೆಚ್ಚಗಿನ ಹುಳಿ-ಸಿಹಿ ಸಾರು, ಅದು ಮೀನಿನ ಸಾಸ್‌ನಿಂದ ಮಾಡಿದ್ದು, ಅದರಲ್ಲಿ ಪಪ್ಪಾಯಿ ಕಾಯಿಯ ತೆಳು ಹೋಳು, ಸುಟ್ಟ ಹಂದಿಯ ಉಂಡೆ, ಕೊಬ್ಬಿರುವ ಹೊಟ್ಟೆ ಭಾಗದ ತುಂಡುಗಳು. ಅಂಚು ಕಪ್ಪಗೆ ಸೀದು ಒಳಗೆ ಮೆತ್ತಗಿರುತ್ತದೆ. ಇನ್ನೊಂದು ತಟ್ಟೆಯಲ್ಲಿ ಅಕ್ಕಿ ಶಾವಿಗೆ, ನೋಡಲು ತಿನ್ನಲು ನಮ್ಮ ನೂಪುಟ್ಟಿನ ಹಾಗೇ, ಸ್ವಲ್ಪ ಜಾರುತ್ತದೆ ಅಷ್ಟೇ. ಬುಟ್ಟಿ ತುಂಬ ಹಸಿ ಸೊಪ್ಪು. ಬೆಳ್ಳುಳ್ಳಿ, ಹಸಿಮೆಣಸು ನಾವೇ ಹಾಕಿಕೊಳ್ಳಬೇಕು. ಒಂದು ಪ್ಲೇಟಿಗೆ 45 ಸಾವಿರ ಡಾಂಗ್, ಅಂದರೆ 150 ರೂಪಾಯಿ. ಕಾಚಂಪುಳಿ ಅನ್ನುವ ಹುಳಿ ಹಾಕಿದ ಪಂದಿಕರಿ ತಿಂದು ಬೆಳೆದ ನಮ್ಮವರು ಮೊದಲ ದಿನವೇ ಎರಡು ಪ್ಲೇಟ್ ಮುಗಿಸಿದರು. ನಾಳೆಯೂ ಇಲ್ಲಿಗೇ ಬರೋಣ ಅಂದರು, ಬಂದೆವು. ಅಜ್ಜಿ ಗುರುತು ಹಿಡಿದು ಒಂದು ಏಡಿ ರೋಲ್ ಸುಮ್ನೆ ಕೊಟ್ಟರು, ದುಡ್ಡು ಕೊಡಲು ಹೋದರೆ ಕೈ ಹಿಂದಕ್ಕೆ ತಳ್ಳಿದರು.

ಬುನ್ ಚಾ ಮಧ್ಯಾಹ್ನದ ತಿಂಡಿ. ಹನ್ನೊಂದರಿಂದ ಎರಡರೊಳಗೆ ಹೋಗಿ, ಆಮೇಲೆ ಒಳ್ಳೆ ಅಂಗಡಿಗಳಲ್ಲಿ ಖಾಲಿ. 2016ರಲ್ಲಿ ಒಬಾಮಾ ತಿಂದ ಅಂಗಡಿಯೂ ಇದೇ ಊರಲ್ಲಿದೆ, ಅಲ್ಲಿ ಜನವೋ ಜನ ಅಂತ ಕೇಳಿ ನಾವು ಹೋಗಲಿಲ್ಲ. ಸಸ್ಯಾಹಾರಿಗಳಿಗೆ ಮಾತ್ರ ಕಷ್ಟ. ಮೀನಿನ ಸಾಸ್ ಎಲ್ಲದರಲ್ಲೂ ಇರುತ್ತದೆ, ಬರೀ ಸೊಪ್ಪಿನ ಪಲ್ಯದಲ್ಲೂ. ಬೋರ್ಡಿನ ಮೇಲೆ ‘ಚಾಯ್’, ಅಂದರೆ ಸಸ್ಯಾಹಾರಿ, ಅಂತಿರುವ ಹೋಟೆಲುಗಳಲ್ಲಿ ಮಾತ್ರ ತಿನ್ನಿ.

ಸಾಪಾ ಊರಲ್ಲಿ ಉಳಿಯಬೇಡಿ. ವೀಕೆಂಡಲ್ಲಿ ಮಡಿಕೇರಿಯ ರಾಜಾಸೀಟ್ ಕಡೆ ತಲೆ ಹಾಕದ ನಮ್ಮಂಥವರಿಗೆ ಅದು ಆಗಿಬರುವ ಜಾಗವಲ್ಲ. ಎಲ್ಲಿ ನೋಡಿದರೂ ದೊಡ್ಡ ದೊಡ್ಡ ಹೋಟೆಲು, ಕಟ್ಟಡದ ಕೆಲಸ, ರಾತ್ರಿ ಸ್ಪೀಕರು. ಮುವಾಂಗ್ ಹುವಾ ಕಣಿವೆಗೆ ಇಳಿದು ತಾ ವಾನ್ ಹಳ್ಳಿಗೆ ಹೋಗಿ. ಅಲ್ಲಿ ಝಾಯ್ ಬುಡಕಟ್ಟಿನ ಜನರ ಮರದ ಮನೆಗಳಲ್ಲಿ ಹೋಂಸ್ಟೇ ಇವೆ. ನಮಗೆ ಬೆಳಗಿನ ತಿಂಡಿ ಸೇರಿ ಸಾವಿರದ ಚಿಲ್ಲರೆ ರೂಪಾಯಿ ಆಯಿತು. ಗೋಡೆ ತೆಳು, ಪಕ್ಕದ ರೂಮಿನವರ ಗೊರಕೆ ಕೇಳುತ್ತದೆ, ಅದನ್ನು ಸಹಿಸಬಹುದು. ರಾತ್ರಿ ಮನೆಯವರ ಜೊತೆಗೇ ಊಟ, ಕಣಿಲೆ ಹಾಕಿದ ಹಂದಿ, ಅನ್ನ, ಮನೆಯಲ್ಲೇ ಇಳಿಸಿದ ಅಕ್ಕಿ ಸಾರಾಯಿ. ನಮ್ಮೂರಲ್ಲಿ ಹೋಂಸ್ಟೇ ನಡೆಸುವವರು ಒಮ್ಮೆ ಹೋಗಿ ನೋಡಬೇಕು, ಈಜುಕೊಳ ಕ್ಯಾಂಪ್‌ಫೈರ್ ಏನೂ ಇಲ್ಲದೆ ಅವರು ಅತಿಥಿಗಳನ್ನು ಎಷ್ಟು ಚೆನ್ನಾಗಿ ನೋಡಿಕೊಳ್ಳುತ್ತಾರೆ ಅಂತ.

ದಾರಿಯಲ್ಲಿ ಬುಟ್ಟಿ ಹೊತ್ತ ಮಾಂಗ್ ಬುಡಕಟ್ಟಿನ ಹೆಂಗಸರು ಜೊತೆಗೇ ನಡೆದು ಬರುತ್ತಾರೆ, ಕೊನೆಗೆ ಏನಾದರೂ ಕೊಳ್ಳಿ ಅಂತಾರೆ. ಅವರಲ್ಲೇ ಒಬ್ಬರನ್ನು ಮೊದಲೇ ದುಡ್ಡು ಮಾತಾಡಿ ಗೈಡ್ ಮಾಡಿಕೊಳ್ಳಿ, ಇಬ್ಬರಿಗೂ ಒಳ್ಳೆಯದು. ಮಕ್ಕಳು ಮಾರುವುದನ್ನು ಮಾತ್ರ ಕೊಳ್ಳಬೇಡಿ. ವ್ಯಾಪಾರ ಆಗುತ್ತದೆ ಅಂತ ಸ್ಕೂಲ್ ಬಿಡಿಸಿಬಿಡುತ್ತಾರೆ.

ಸಾಪಾ ಪಕ್ಕದ ಫಾನ್ಸಿಪಾನ್ ಶಿಖರ 3147 ಮೀಟರ್, ನಮ್ಮ ಕೊಡಗಿನ ತಡಿಯಂಡಮೋಳ್ ಬೆಟ್ಟಕ್ಕಿಂತ ಹೆಚ್ಚುಕಡಿಮೆ 1400 ಮೀಟರ್ ಎತ್ತರ. 2016ರಿಂದ ಆರು ಕಿಲೋಮೀಟರ್ ಮೇಲ್ಪಟ್ಟ ಕೇಬಲ್ ಕಾರ್ ಇದೆ, ಟಿಕೆಟ್ 2,500 ರೂಪಾಯಿ ದಾಟುತ್ತದೆ. ನಾವು ಹೋದ ದಿನ ಶನಿವಾರ. ಸಾಲಲ್ಲಿ ನಿಂತು ಸುಸ್ತು, ಮೇಲೆ ಹೋದರೆ ಮೋಡ ಬಿಟ್ಟು ಏನೂ ಕಾಣಲಿಲ್ಲ. ಆ ದುಡ್ಡಲ್ಲಿ ತಾ ವಾನಲ್ಲಿ ಇನ್ನೂ ಎರಡು ದಿನ ಉಳಿಯಬಹುದು.

ಕಾಫಿ ತೋಟದವರು ಗಮನಿಸಿ. ಸಾಪಾ ಕಡೆ ಹೋದರೆ ನೀವು ಕೇಳಿರುವ ಆ ದೊಡ್ಡ ರೋಬಸ್ಟಾ ತೋಟಗಳು ಕಾಣುವುದಿಲ್ಲ. ಅವು ಇರುವುದು ದಕ್ಷಿಣದ ಬೆಟ್ಟಗಳಲ್ಲಿ, ದಾಕ್ ಲಾಕ್ ಪ್ರಾಂತ್ಯದ ಬುವಾನ್ ಮಾ ತುವತ್ ಸುತ್ತ. 2024ರಲ್ಲಿ ಅಲ್ಲಿ ಬರ ಬಿದ್ದಾಗ ನಮ್ಮ ರೋಬಸ್ಟಾಗೆ ಎಷ್ಟು ದೊಡ್ಡ ರೇಟ್ ಬಂತು ಅಂತ ಎಲ್ಲರಿಗೂ ನೆನಪಿದೆ ಅಲ್ವಾ? ಅವರ ಇಳುವರಿ ಎಕರೆಗೆ ನಮ್ಮ ಎರಡು ಪಟ್ಟು ಮೀರುತ್ತದೆ. ಅದನ್ನು ಕಣ್ಣಾರೆ ನೋಡಬೇಕಿದ್ದರೆ ಹನೋಯಿ-ಸಾಪಾ ಬಿಟ್ಟು ಬೇರೆಯೇ ಟ್ರಿಪ್ ಹಾಕಿ. ಕುಡಿಯುವ ಕಾಫಿ ಮಾತ್ರ ಎಲ್ಲ ಕಡೆ ಗಟ್ಟಿ, ಕಡುಕಪ್ಪು. ಹನೋಯಿಯಲ್ಲಿ ಮೊಟ್ಟೆ ಕಾಫಿ ಇದೆ, 1946ರಲ್ಲಿ ಹಾಲಿನ ಅಭಾವ ಇದ್ದಾಗ ಹಳದಿ ಭಾಗವನ್ನು ನೊರೆ ಬರುವಂತೆ ಕಡೆದು ಹಾಕಿ ಶುರುವಾಗಿದ್ದು. ನನಗೆ ಇಷ್ಟವಾಯಿತು, ಬೆಲ್ಲದ ಕಾಫಿ ಅಭ್ಯಾಸದ ನಮ್ಮವರಿಗೆ ಹಿಡಿಸಲಿಲ್ಲ.

ದುಡ್ಡು ಕೊಡುವಾಗ ನಿಧಾನ. 20 ಸಾವಿರದ ನೋಟೂ 5 ಲಕ್ಷದ ನೋಟೂ ಎರಡೂ ನೀಲಿ. ದೊಡ್ಡದನ್ನು ಪರ್ಸಿನ ಬೇರೆ ಖಾನೆಯಲ್ಲಿಡಿ.

ನಾವು ಹೋಗಿದ್ದು ಕೈಲ್‌ಪೊಳ್ದ್ ಹಬ್ಬ ಮುಗಿಸಿ, ಅರೇಬಿಕಾ ಕೊಯ್ಲಿಗೆ ಮುಂಚೆ. ಸೆಪ್ಟೆಂಬರ್‌ನಲ್ಲಿ ಅಲ್ಲಿ ಮೆಟ್ಟಿಲು ಗದ್ದೆಗಳೆಲ್ಲ ಹಳದಿ ತಿರುಗಿರುತ್ತವೆ, ಅದಕ್ಕಾಗಿಯೇ ಹೋಗಬೇಕು. ಆದರೆ ಚಂಡಮಾರುತದ ಕಾಲವೂ ಅದೇ. 2024ರ ಸೆಪ್ಟೆಂಬರ್‌ನಲ್ಲಿ ಯಾಗಿ ಚಂಡಮಾರುತ ಬಂದಾಗ ಲಾವೊ ಕಾಯ್ ಪ್ರಾಂತ್ಯದ ಲಾಂಗ್ ನು ಅನ್ನುವ ಹಳ್ಳಿ ಗುಡ್ಡದ ಮಣ್ಣಿನಡಿ ಹೋಯಿತು. 2018ರ ಆಗಸ್ಟಲ್ಲಿ ಕೊಡಗಿನ ಗುಡ್ಡ ಕುಸಿದಿದ್ದನ್ನು ನೋಡಿದ ನಮಗೆ ಅದೇನು ಅಂತ ವಿವರಿಸಿ ಹೇಳಬೇಕಿಲ್ಲ. ಹಾಗಾಗಿ ರೂಮಿಗೆ ಮೊದಲೇ ಪೂರ್ತಿ ದುಡ್ಡು ಕಟ್ಟಬೇಡಿ, ಕ್ಯಾನ್ಸಲ್ ಮಾಡಿದರೆ ವಾಪಸ್ ಬರುವಂಥದ್ದನ್ನೇ ಹಿಡಿಯಿರಿ. ಮಳೆ ಜೋರು ಅಂತ ಸುದ್ದಿ ಬಂದರೆ ಬೆಟ್ಟ ಹತ್ತದೆ ಹನೋಯಿಯಲ್ಲೇ ಇದ್ದುಬಿಡಿ.