ಚಿಗರಿ ನೋಡುವ ಅಟ್ಟಣಿಗೆ: ಜಾಗ ಫಿಕ್ಸ್ ಆಯ್ತು

ಚಿಗರಿ, ಅಂದರೆ ಕೃಷ್ಣಮೃಗದ ಫೋಟೋ ತೆಗೆಯೋಕೆ ಗಿಡದ ಮೇಲೆ ಕಟ್ಟುತ್ತಿರುವ ಅಟ್ಟಣಿಗೆಗೆ ಜಾಗ ಫಿಕ್ಸ್ ಆಯ್ತು. ಬನದ ಪೂರ್ವ ಅಂಚಿನಲ್ಲಿರುವ ಕವಲು ಬೇವಿನ ಗಿಡ. ಕಟ್ಟುವ ಕೆಲಸ ಅರ್ಧ ಮುಗಿದಿದೆ. ಆ ಗಿಡವೇ ಯಾಕೆ ಅನ್ನೋದನ್ನು ಈಗಲೇ ಬರೆದಿಡುತ್ತೇನೆ, ಯಾಕಂದರೆ ಬೀದರ್, ಕಲಬುರಗಿ ಕಡೆ ಹೊಲದ ಮಗ್ಗುಲಲ್ಲಿ ಇಂಥ ಚಿಕ್ಕ ಬನ ಇರುವವರು ಬಹಳ ಜನ ಇದ್ದಾರೆ, ಅವರಿಗೂ ಉಪಯೋಗ ಆಗಬಹುದು.

ನಮ್ಮದು ಭಾಲ್ಕಿ ತಾಲೂಕು. ಹೊಲದ ನಡುವೆ ನಾಲ್ಕು ಎಕರೆಯಷ್ಟು ಕುರುಚಲು ಬನ. ಬೇವು, ಜಾಲಿ, ಮುತ್ತಲ, ಬಾರಿ ಕಂಟಿ, ಸೀತಾಫಲ. ನೆಲದಲ್ಲಿ ಕಲ್ಲು ಜಾಸ್ತಿ, ಉಳೋಕೆ ಬರಲ್ಲ ಅಂತ ಅಜ್ಜನ ಕಾಲದಿಂದ ಹಾಗೇ ಬಿಟ್ಟದ್ದು. ಉತ್ತರಕ್ಕೆ ನಾಲಾ. ಪಶ್ಚಿಮಕ್ಕೆ ಊರಿನಿಂದ ಬರುವ ಬಂಡಿ ದಾರಿ, ಅದರ ಮಗ್ಗುಲಿಗೆ ಸೋಯಾ ಹಾಕುವ ಹೊಲ. ದಕ್ಷಿಣಕ್ಕೆ ತೊಗರಿ. ಪೂರ್ವಕ್ಕೆ ಕಡಲೆ, ಅದರಾಚೆ ಯಾರೂ ಬಿತ್ತದ ಬೀಳು ಭೂಮಿ. ಚಿಗರಿ ಹಿಂಡು ಹೆಚ್ಚಾಗಿ ಇರೋದು ಆ ಬೀಳಿನಲ್ಲೇ.

ಒಂದು ಮಾತು ಸ್ಪಷ್ಟ ಇರಲಿ. ಇದು ಬೇಟೆಗಲ್ಲ, ಕ್ಯಾಮೆರಾಗೆ. ನಮ್ಮ ಕಡೆಯ ಚಿಗರಿ ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಸಂರಕ್ಷಣಾ ಕಾಯ್ದೆಯ ಮೊದಲ ಪಟ್ಟಿಯಲ್ಲಿದೆ, ಕೊಂದರೆ ಕನಿಷ್ಠ 3 ವರ್ಷ ಜೈಲು. ಅಟ್ಟಣಿಗೆ ಕಟ್ಟುತ್ತಿರೋದು ಸ್ವಂತ ಪಟ್ಟಾ ಜಮೀನಿನಲ್ಲಿ. ಅರಣ್ಯ ಇಲಾಖೆಯ ಜಾಗದಲ್ಲಾದರೆ ಅವರ ಅನುಮತಿ ಇಲ್ಲದೆ ಕಟ್ಟೋ ಹಾಗಿಲ್ಲ, ಕ್ಯಾಮೆರಾ ಕಟ್ಟೋದಕ್ಕೂ ಅದೇ ಮಾತು.

ಜಾಗ ಆರಿಸೋ ಲೆಕ್ಕ ಮಾತ್ರ ಬೇಟೆಗಾರರದ್ದೇ. ಅಮೆರಿಕದಲ್ಲಿ ಬಿಳಿಬಾಲದ ಜಿಂಕೆಯನ್ನು ಕಾನೂನಿನ ಪ್ರಕಾರ ಸೀಸನ್‌ನಲ್ಲಿ ಬೇಟೆಯಾಡುತ್ತಾರೆ, ಚಿಕ್ಕ ಚಿಕ್ಕ ಬನಗಳಲ್ಲಿ ಗಿಡಕ್ಕೆ 15, 20 ಅಡಿ ಎತ್ತರದಲ್ಲಿ ಸೀಟು ಕಟ್ಟಿ ಕೂರುತ್ತಾರೆ. ಅವರು ಜಿಂಕೆ ಎಲ್ಲಿದೆ ಅಂತ ಮೊದಲು ಕೇಳಲ್ಲ. ಗಾಳಿ ಯಾವ ಕಡೆಯಿಂದ, ನಾನು ಒಳಗೆ ಹೋಗೋ ದಾರಿ ಯಾವುದು, ಕತ್ತಲಾದ ಮೇಲೆ ಇಳಿದು ಹೊರಗೆ ಬರೋದು ಹೇಗೆ, ಇದೇ ಅವರ ಮೊದಲ ಪ್ರಶ್ನೆ. ದೊಡ್ಡ ಕಾಡಾದರೆ ಜಿಂಕೆ ಸ್ವಲ್ಪ ಆಚೆ ಸರಿದು ಅಲ್ಲೇ ಇರುತ್ತದೆ. ನಾಲ್ಕು ಎಕರೆಯಲ್ಲಿ ಒಂದು ಸಲ ವಾಸನೆ ಸಿಕ್ಕರೆ ಜಾಗವನ್ನೇ ಬಿಟ್ಟು ಹೋಗುತ್ತದೆ. ಈ ಲೆಕ್ಕ ನಮ್ಮ ಬನಕ್ಕೆ ಪೂರ್ತಿ ಕೂಡುತ್ತದೆ.

ಕೂಡದೇ ಇರೋದೂ ಒಂದಿದೆ. ಬಿಳಿಬಾಲದ ಜಿಂಕೆ ಹಗಲೆಲ್ಲ ಮರೆಯಲ್ಲಿ ಮಲಗಿ ಮುಸ್ಸಂಜೆಗೆ ಹೊರಗೆ ಬರುತ್ತದೆ, ಹಾಗಾಗಿ ಮಲಗುವ ಜಾಗ ಮತ್ತು ಮೇಯುವ ಜಾಗದ ನಡುವೆ ಅವರು ಸೀಟು ಹಾಕುತ್ತಾರೆ. ಚಿಗರಿ ಬಯಲಿನ ಪ್ರಾಣಿ, ಹಗಲಲ್ಲೇ ಓಡಾಡುತ್ತದೆ, ಅದರ ಮುಖ್ಯ ಕಾವಲು ಕಣ್ಣು. ಚಳಿಗಾಲದಲ್ಲಿ ಬನದೊಳಗೆ ಬರೋದೇ ಅಪರೂಪ, ಬೀಳಿನಲ್ಲಿ ಬಿಸಿಲಿಗೆ ಕೂತಿರುತ್ತವೆ. ಬೇಸಿಗೆಯಲ್ಲಿ ಮಾತ್ರ ಮಧ್ಯಾಹ್ನ ನೆರಳಿಗೆ ಬನದ ಅಂಚಿಗೆ ಬರುತ್ತವೆ. ಎತ್ತರದ ಬೆಳೆಯನ್ನೂ ಅವು ಇಷ್ಟಪಡಲ್ಲ. ಈಗ ತೊಗರಿ ಎದೆ ಮಟ್ಟ ಬೆಳೆದಿದೆ, ಅದರೊಳಗೆ ಹೊಕ್ಕರೆ ದೂರ ಕಾಣಲ್ಲ, ಅದಕ್ಕೇ ದಕ್ಷಿಣದ ಕಡೆ ಅವುಗಳ ಹೆಜ್ಜೆ ಹೆಚ್ಚುಕಡಿಮೆ ಇಲ್ಲವೇ ಇಲ್ಲ. ತೊಗರಿ ಕೊಯ್ದ ಮೇಲೆ ಆ ಹೊಲ ಬಯಲಾಗುತ್ತದೆ, ಆಗ ಲೆಕ್ಕ ಬೇರೆ.

ಮನೆಯವರೆಲ್ಲ ತೋರಿಸಿದ್ದು ಬನದ ನಡುವಿನ ದೊಡ್ಡ ಬೇವು. ಗಟ್ಟಿ ಗಿಡ, ಹತ್ತೋಕೆ ಸುಲಭ, ನೋಡಿದರೆ ಇದೇ ಅನಿಸುತ್ತದೆ. ಆದರೆ ನಡುವೆ ಕೂತರೆ ಗಾಳಿ ಯಾವ ಕಡೆ ಬೀಸಿದರೂ ನಮ್ಮ ವಾಸನೆ ಅರ್ಧ ಬನದ ಮೇಲೆ ಹಾಯುತ್ತದೆ. ಹೋಗುವಾಗ ತರಗೆಲೆ ತುಳಿದು ಸದ್ದು. ಮೇಲೆ ಕೂತ ಮೇಲೂ ಬಾರಿ ಕಂಟಿ ಬಿಟ್ಟು ಬೇರೇನೂ ಕಾಣಲ್ಲ. ಅದನ್ನು ಬಿಟ್ಟೆ.

ಎರಡನೇದು ನಾಲಾ ದಾಟುವ ಜಾಗ. ಇಲ್ಲಿ ದಂಡೆ ಕುಸಿದು ಇಳಿಜಾರಾಗಿದೆ, ಎಲ್ಲ ಕಾಲುದಾರಿಗಳೂ ಬಂದು ಇಲ್ಲೇ ಕೂಡುತ್ತವೆ. ಸಂಜೆ ಕಸಬರಿಗೆಯಿಂದ ಮರಳು ಸಮ ಮಾಡಿ ಬಿಟ್ಟು ಬೆಳಿಗ್ಗೆ ನೋಡಿದರೆ ಓದೋಕೆ ಬೇಕಾದಷ್ಟು ಇರುತ್ತದೆ. ಚಿಗರಿ ಹೆಜ್ಜೆ ಸಣ್ಣದು, ಉದ್ದನೆಯದು, ಮುಂದಿನ ತುದಿ ಚೂಪು. ಮೇಕೆಯದು ಅಗಲ, ತುದಿ ಮೊಂಡು. ಹಸಿ ಎರೆಮಣ್ಣಿನಲ್ಲಿ ಈ ವ್ಯತ್ಯಾಸ ಇನ್ನೂ ಚೆನ್ನಾಗಿ ಮೂಡುತ್ತದೆ, ಓಡಿದ ಚಿಗರಿಯಾದರೆ ಎರಡು ಗೊರಸೂ ಅಗಲಿಸಿಕೊಂಡು ಆಳಕ್ಕೆ ಇಳಿದಿರುತ್ತವೆ. ಕಾಡುಹಂದಿಯದೂ ಇತ್ತು, ಹಿಂದಿನ ಎರಡು ಸಣ್ಣ ಗೊರಸಿನ ಗುರುತಿನ ಸಮೇತ.

ಇಷ್ಟೆಲ್ಲ ಹೆಜ್ಜೆ ಇದ್ದರೂ ಅಲ್ಲಿ ಕೂರಲ್ಲ, ಅದಕ್ಕೆ ಕಾರಣ ಗಾಳಿ. ಒಲೆಯ ಬೂದಿಯನ್ನು ಜರಡಿ ಹಿಡಿದು, ಹಳೆ ಪಂಚೆಯ ತುಂಡಿನಲ್ಲಿ ಸಣ್ಣ ಗಂಟು ಕಟ್ಟಿಕೊಂಡಿದ್ದೇನೆ. ಬೆರಳಿನಿಂದ ತಟ್ಟಿದರೆ ಬೂದಿ ತೇಲುತ್ತದೆ, ಗಾಳಿಯ ದಾರಿ ಕಣ್ಣಿಗೇ ಕಾಣುತ್ತದೆ. ಹೊಲದ ಮೇಲೆ ಅದು ನೇರ ಪಶ್ಚಿಮಕ್ಕೆ ಹೋಗುತ್ತದೆ. ಅದೇ ಹೊತ್ತಿಗೆ ನಾಲಾದಲ್ಲಿ ತಟ್ಟಿದರೆ ಮೊದಲು ಕೆಳಕ್ಕೆ ಇಳಿಯುತ್ತದೆ, ದಂಡೆಗೆ ಬಡಿದು ತಿರುಗುತ್ತದೆ, ಆಮೇಲೆ ನಮ್ಮ ಬೆನ್ನ ಹಿಂದಿನಿಂದ ಮುಂದಕ್ಕೆ ಬರುತ್ತದೆ. ಸಂಜೆ ತಂಪಾದ ಗಾಳಿ ಭಾರವಾಗಿ ತಗ್ಗಿಗೆ ಇಳಿಯೋದರಿಂದ ಹೀಗಾಗುತ್ತದೆ. ಅಲ್ಲಿ ಟ್ರೇಲ್ ಕ್ಯಾಮೆರಾ, ಅಂದರೆ ಪ್ರಾಣಿ ಸುಳಿದರೆ ತಾನೇ ಫೋಟೋ ತೆಗೆಯುವ ಕ್ಯಾಮೆರಾ ಕಟ್ಟಿದ್ದೇನೆ. ಅದಕ್ಕೆ ವಾಸನೆ ಇಲ್ಲ ಅಲ್ವಾ, ಅದು ಸುಮ್ನೆ ಅಲ್ಲೇ ಇರಲಿ.

ಬೀಳಿನಲ್ಲಿ ಕುರಿ ಕಾಯುವ ಕಾಕಾ ಒಬ್ಬರಿದ್ದಾರೆ. ಅವರ ಹತ್ತಿರ ಕೇಳಿದೆ, "ಕಾಕಾ, ಎಲ್ಲಿ ಕುಂತ್ರ ಛಲೋ ರೀ?" ಅಂತ. "ತಮ್ಮಾ, ಚಳಿಗಾಲದಾಗ ಗಾಳಿ ಮೂಡಣ ಕಡಿಂದ ಬರ್ತದ, ಮಳಿಗಾಲದಾಗ ಪಡುವಣ ಕಡಿಂದ. ಒಂದ ಜಾಗ ಎರಡಕ್ಕೂ ನಡ್ಯಾಂಗಿಲ್ಲ," ಅಂದರು. ಬೂದಿ ಗಂಟು ಹೇಳಿದ್ದೂ ಅದನ್ನೇ. ಹಿಂಡಿನ ದೊಡ್ಡ ಗಂಡು ಬೀಳಿನ ನಡುವೆ ಒಂದೇ ಕಡೆ ಹಿಕ್ಕೆ ಹಾಕುತ್ತದೆ ಅಂತ ತೋರಿಸಿದ್ದೂ ಅವರೇ. ಹೋಗಿ ನೋಡಿದರೆ ಹಳೆಯದು ಬೆಳ್ಳಗೆ ಒಣಗಿದೆ, ಮೇಲಿನದು ಕಪ್ಪಗೆ ಹಸಿ, ಸುತ್ತ ನೆಲ ಕಾಲಿನಿಂದ ಕೆರೆದದ್ದು. ಗಂಡು ತನ್ನ ಗಡಿ ಕಾಯೋದು ಹೀಗೆ. ಆ ರಾಶಿ ಕವಲು ಬೇವಿನಿಂದ ನೇರ ಕಾಣುತ್ತದೆ, ನನ್ನ 300 ಎಂಎಂ ಲೆನ್ಸಿಗೆ ದೂರ ಅನ್ನಿಸಿದರೂ ನಡೆಯುತ್ತದೆ.

ಈಗ ಪೂರ್ವ ಅಂಚಿನ ವಿಷಯ. ಗಾಳಿ ಪೂರ್ವದಿಂದ ಬರುತ್ತದೆ, ಚಿಗರಿ ಪೂರ್ವದಲ್ಲಿ, ನಾನು ಅವುಗಳ ಪಶ್ಚಿಮಕ್ಕೆ. ವಾಸನೆ ನನ್ನ ಹಿಂದಕ್ಕೆ, ಈ ಕಾಲಕ್ಕೆ ಖಾಲಿ ಇರುವ ಬನದೊಳಕ್ಕೆ ಹೋಗುತ್ತದೆ. ಊರು ಪಶ್ಚಿಮಕ್ಕೆ ಇರೋದರಿಂದ ಬಂಡಿ ದಾರಿಯಿಂದ ಬನದ ಮರೆಯಲ್ಲೇ ನಡೆದು ಬರಬಹುದು. ಇಳಿದು ಹೋಗೋದೂ ಅದೇ ದಾರಿ. ಬಿಸಿಲಿನ ಲೆಕ್ಕವೂ ಕೂಡಿ ಬಂತು: ಸಂಜೆ ಸೂರ್ಯ ನನ್ನ ಬೆನ್ನಿಗೆ, ಬೆಳಕು ಚಿಗರಿಯ ಮೈಮೇಲೆ, ನಾನು ಕೂತ ಜಾಗ ಬನದ ನೆರಳಿನಲ್ಲಿ. ಬೆಳಿಗ್ಗೆ ಮಾತ್ರ ಬಿಸಿಲು ನೇರ ಲೆನ್ಸಿಗೆ ಹೊಡೆಯುತ್ತದೆ, ಹಾಗಾಗಿ ಚಳಿಗಾಲಕ್ಕೆ ಇದು ಸಂಜೆಯ ಸೀಟು. ಮಳೆಗಾಲದಲ್ಲಿ ಎಲ್ಲವೂ ತಿರುಗುತ್ತದೆ. ಗಾಳಿ ಪಶ್ಚಿಮದಿಂದ, ಚಿಗರಿ ಎಳೆ ಸೋಯಾಕ್ಕೆ ಪಶ್ಚಿಮದ ಹೊಲಕ್ಕೆ ಇಳಿದಿರುತ್ತವೆ, ಆಗ ಪಶ್ಚಿಮ ಅಂಚಿನಲ್ಲಿ ಕೂರಬೇಕು, ಬೆಳಿಗ್ಗೆ ಕೂರಬೇಕು, ಮತ್ತು ಬಂಡಿ ದಾರಿ ಬಿಟ್ಟು ಬದುವಿನ ಮೇಲೆ ಸುತ್ತು ಹಾಕಿ ಹಿಂದಿನಿಂದ ಬರಬೇಕು. ಅಲ್ಲಿಗೆ ಅಟ್ಟಣಿಗೆ ಬೇಡ, ನೆಲದ ಮೇಲೆ ಸೊಪ್ಪಿನ ಮರೆ ಸಾಕು.

ಎತ್ತರ 10 ಅಡಿಗೆ ನಿಲ್ಲಿಸಿದ್ದೇನೆ. ಬಯಲಿನ ಪ್ರಾಣಿಗೆ ಆಕಾಶದ ಎದುರು ಮನುಷ್ಯನ ತಲೆ ಕಾಣಿಸಿದರೆ ಮುಗೀತು, ಅದಕ್ಕೇ ಬೆನ್ನಿಗೆ ದಪ್ಪ ಕಾಂಡ ಇರುವ ಕವಲು ಬೇಕಿತ್ತು. ಬಟ್ಟೆ ಮಣ್ಣಿನ ಬಣ್ಣದ್ದು. ನೀಲಿ ಜೀನ್ಸ್ ಬೇಡ. ಜಿಂಕೆ, ಚಿಗರಿಯಂಥ ಪ್ರಾಣಿಗಳ ಕಣ್ಣಿಗೆ ಕೆಂಪು, ಕಿತ್ತಳೆ ಸರಿಯಾಗಿ ಬೇರೆಯಾಗಿ ತಿಳಿಯಲ್ಲ, ನೀಲಿ ಚೆನ್ನಾಗಿ ಕಾಣುತ್ತದೆ. ಅಮೆರಿಕದ ಬೇಟೆಗಾರರು ಒಬ್ಬರಿಗೊಬ್ಬರು ಕಾಣಲಿ ಅಂತ ಕಿತ್ತಳೆ ಅಂಗಿ ಹಾಕಿಕೊಂಡೂ ಜಿಂಕೆಯ ಹತ್ತಿರ ಕೂರೋದು ಇದಕ್ಕೇ.

ಕಟ್ಟೋದು ಬಂಬು ಮತ್ತು ನೈಲಾನ್ ಹಗ್ಗದಿಂದ. ಹಸಿ ಗಿಡಕ್ಕೆ ಮೊಳೆ ಹೊಡೆದಿಲ್ಲ, ಹಗ್ಗದ ಕೆಳಗೆ ಹಳೆ ಟ್ಯೂಬಿನ ತುಂಡು ಇಟ್ಟಿದ್ದೇನೆ, ತೊಗಟೆ ಕುಯ್ಯಲ್ಲ. ಕಟ್ಟಡ ಕೆಲಸದವರು ಹಾಕುವ ಪೂರ್ತಿ ಮೈಯ ಸೇಫ್ಟಿ ಬೆಲ್ಟ್ ತಂದಿದ್ದೇನೆ, ಹತ್ತುವಾಗಲೇ ಕಟ್ಟಿಕೊಳ್ಳಬೇಕು. ಅಟ್ಟಣಿಗೆಯಿಂದ ಬೀಳೋದು ಹೆಚ್ಚಾಗಿ ಹತ್ತುವಾಗ, ಇಳಿಯುವಾಗ. ಕ್ಯಾಮೆರಾ ಕೈಯಲ್ಲಿ ಹಿಡಿದು ಹತ್ತೋದಲ್ಲ, ಮೇಲೆ ಕೂತಮೇಲೆ ಹಗ್ಗದಿಂದ ಎಳೆದುಕೊಳ್ಳೋದು. ಹತ್ತುವ ಮೊದಲು ಹೆಜ್ಜೇನು ನೋಡಿ. ಇನ್ನೊಂದು ಬಹಳ ಮುಖ್ಯ: ಹಂದಿ ಕಾಟಕ್ಕೆ ಕೆಲವರು ಬದುವಿನ ಮೇಲೆ ಕರೆಂಟ್ ತಂತಿ ಎಳೆಯುತ್ತಾರೆ. ಅದು ಅಪರಾಧ, ಮನುಷ್ಯರೂ ಸಾಯುತ್ತಾರೆ. ಕತ್ತಲಲ್ಲಿ ಇಳಿದು ಹೋಗುವ ದಾರಿಯನ್ನು ಹಗಲಲ್ಲೇ ಪೂರ್ತಿ ನಡೆದು ನೋಡಿ, ಮಗ್ಗುಲ ಹೊಲದವರನ್ನು ಬಾಯಿ ಬಿಟ್ಟು ಕೇಳಿ.

ಮಗ್ಗುಲ ಹೊಲದವರ ಸಿಟ್ಟೂ ನನಗೆ ಅರ್ಥ ಆಗುತ್ತದೆ. ಕಡಲೆ ಮೊಳಕೆ ಎರಡೆಲೆ ಬಿಡುತ್ತಿದ್ದ ಹಾಗೇ ಚಿಗರಿ ಸಾಲು ಹಿಡಿದು ಮೇಯುತ್ತವೆ, ತಿಂದದ್ದಕ್ಕಿಂತ ತುಳಿದದ್ದು ಜಾಸ್ತಿ. ಅದಕ್ಕೇ ಅಟ್ಟಣಿಗೆಯಿಂದ ಕಂಡದ್ದನ್ನು ಹೊತ್ತು, ದಿಕ್ಕು ಸಮೇತ ಬರೆದು ಅವರಿಗೂ ಕೊಡುತ್ತೇನೆ ಅಂದಿದ್ದೇನೆ. ಯಾವ ಹೊತ್ತಿಗೆ ಯಾವ ಮೂಲೆಯಿಂದ ಇಳಿಯುತ್ತವೆ ಅಂತ ಗೊತ್ತಾದರೆ ಆ ಮೂಲೆಗೆ ಒಬ್ಬರು ನಿಂತರೆ ಸಾಕು, ದಿನವೆಲ್ಲ ಹೊಲ ಕಾಯಬೇಕಿಲ್ಲ.

ಬನದ ಆಗ್ನೇಯ ಮೂಲೆಯ ಹುಲ್ಲಿಗೆ ಮಾತ್ರ ನಾನು ಕಾಲಿಡಲ್ಲ. ಹೆಣ್ಣು ಚಿಗರಿ ಮರಿಯನ್ನು ಹುಲ್ಲಲ್ಲಿ ಅಡಗಿಸಿ ಮೇಯಲು ಹೋಗುತ್ತದೆ. ಮರಿ ಒಂಟಿ ಕಂಡರೆ ತಪ್ಪಿಸಿಕೊಂಡಿದೆ ಅಂತ ಎತ್ತಿ ತರಬೇಡಿ, ತಾಯಿ ಹತ್ತಿರದಲ್ಲೇ ಇರುತ್ತದೆ.

ಉಳಿದ ಕೆಲಸ: ಏಣಿಯ ಮೇಲಿನ ಎರಡು ಮೆಟ್ಟಿಲು, ಮುಂದಿನ ಗೋಣಿಚೀಲದ ಪರದೆ, ಲೆನ್ಸ್ ಇಡೋಕೆ ಒಂದು ಅಡ್ಡ ಬಂಬು. ಎಲ್ಲ ಕಟ್ಟಿ ಕೆಲವು ದಿನ ಯಾರೂ ಹತ್ತದೆ ಬಿಡಬೇಕು, ಹಿಂಡಿಗೆ ಹೊಸ ಆಕಾರ ರೂಢಿ ಆಗಲಿ. ಎಳ್ಳ ಅಮಾವಾಸ್ಯೆಗೆ ಹೇಗೂ ಎಲ್ಲರೂ ಚರಗ ಚೆಲ್ಲೋಕೆ, ಅಂದರೆ ಬೆಳೆಗೆ ನೈವೇದ್ಯ ಎರಚೋಕೆ ಹೊಲಕ್ಕೆ ಬರುತ್ತಾರೆ, ಮಕ್ಕಳು ಬನದ ತುಂಬ ಓಡಾಡುತ್ತಾರೆ, ಆ ದಿನ ಚಿಗರಿ ಹತ್ತಿರ ಸುಳಿಯಲ್ಲ. ಅದು ಮುಗಿದು ಗದ್ದಲ ಇಳಿದ ಮೇಲೆ ಮೊದಲ ಸಂಜೆ ಕೂರುತ್ತೇನೆ. ಪೂರ್ವದ ಗಾಳಿ ಇದ್ದರೆ ಮಾತ್ರ.